ಉಜ್ಜಕ್ಕ ಕೈ ಕಟ್ಟಿ ನಿಂತ ಕೋಣೆ

ನಮ್ಮ ಮುತ್ತಜ್ಜ ಬಾವಿಗೆ ಇಳಿಯುವವನು. ಸುತ್ತಮುತ್ತ ಯಾರ ಬಾವಿಯಲ್ಲಿ ಹೂಳು ತುಂಬಿದರೂ ಅವನಿಗೇ ಹೇಳಿಕಳಿಸಬೇಕು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದನೆಂದರೆ ತಳದ ಕಲ್ಲು ಕಣ್ಣಿಗೆ ಬೀಳುವವರೆಗೆ ಮೇಲೆ ಬರುವ ಮಾತಿಲ್ಲ. ಇಳಿಯುವ ಮೊದಲು ಮಾತ್ರ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಬಾವಿಯ ಮೀನುಗಳನ್ನು ಅದೇ ಬಾವಿಯ ನೀರಿನೊಂದಿಗೆ ದೊಡ್ಡ ಹಂಡೆಗೆ ತುಂಬಿಸಿ ನೆರಳಲ್ಲಿ ಇಡಿಸುತ್ತಿದ್ದ. ಹೂಳೆತ್ತಿ, ಹೊಸ ಒರತೆ ಬಂದ ಮೇಲೆ ಮೀನಿನ ಜತೆಗೆ ಆ ಹಳೆಯ ನೀರನ್ನೂ ಒಂದು ತೊಟ್ಟು ಚೆಲ್ಲದೆ ಬಾವಿಗೇ ಸುರಿಯುತ್ತಿದ್ದ. "ಇಷ್ಟೆಲ್ಲಾ ಒದ್ದಾಡಿ ತೊಳ್ದು ಮತ್ತೆ ಹಳೇ ನೀರನ್ನೇ ಹಾಕ್ತಾನಲ್ಲ, ಇವನ ತಲೆ ನೆಟ್ಟಗಿದ್ಯಾ?" ಎಂದು ಜನ ನಗುತ್ತಿದ್ದರಂತೆ. ಅವನು ಮೀಸೆ ಒರೆಸಿಕೊಂಡು ಮುಂದಿನ ಬಾವಿಯತ್ತ ನಡೆಯುತ್ತಿದ್ದನಂತೆ.

ಅವನ ಮಗಳು, ಅಂದರೆ ನಮ್ಮ ಅಜ್ಜಿ, ಹಾಲಿನ ಡೇರಿಯಲ್ಲಿ ಕ್ಯಾನು ತೊಳೆದವಳು. ಅವಳು ತೊಳೆದ ಕ್ಯಾನಿನಲ್ಲಿ ಹಾಲು ಒಡೆದ ಸುದ್ದಿಯೇ ಇಲ್ಲ. ಕ್ಯಾನಿನೊಳಗೆ ತಲೆ ಹಾಕಿ ಮೂಸಿ ನೋಡಿ, ಹುಳಿಯ ಸುಳಿವು ಸಿಕ್ಕರೆ ಮತ್ತೆ ಮೊದಲಿನಿಂದ ಶುರು. ನಮ್ಮಪ್ಪ ಆಸ್ಪತ್ರೆಯ ಆಪರೇಷನ್ ಕೋಣೆಯನ್ನು ಒರೆಸುತ್ತಿದ್ದವನು. ಎಷ್ಟೇ ದೊಡ್ಡ ಸರ್ಜನ್ ಆದರೂ ಅಪ್ಪ ಬಾಗಿಲು ತೆರೆದು "ಹ್ಞೂಂ, ಈಗ ಬನ್ನಿ" ಎನ್ನುವವರೆಗೆ ಹೊರಗೇ ಕಾಯಬೇಕು. ಇವರ ಹೆಸರು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಆದರೆ ಇವರು ತೊಳೆದ ನೀರು ಕುಡಿದು, ಹಾಲು ಕುಡಿದು, ಇವರು ಒರೆಸಿದ ಮೇಜಿನ ಮೇಲೆ ಮಲಗಿ ಎದ್ದು ಹೋದವರು ಲೆಕ್ಕವಿಲ್ಲದಷ್ಟು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಈ ವಂಶದ ಕೈಗುಣ ಇಳಿದು ಬಂದದ್ದು ನನ್ನ ಕೈಗಲ್ಲ, ತಂಗಿಯ ಕೈಗೆ. ನಾನು ಪಂಪು ಬಿಚ್ಚುವುದನ್ನು ಕಲಿತು, ಪಂಪಿನ ಮೇಲೆ ಅಂಟಿಸಿದ ಚೀಟಿಗಳಿಂದಲೇ ಅಕ್ಷರ ಕಲಿತು, ಗ್ರೀಸಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವಳೋ, ಹಾಲುಹಲ್ಲು ಬೀಳುವ ಮೊದಲೇ ಹೊಸ್ತಿಲು ತಿಕ್ಕಿದವಳು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವಳಿಗೂ ಮರೆತಿರಬೇಕು. ಎಲ್ಲರ ಬಾಯಲ್ಲೂ ಅವಳು ಉಜ್ಜಕ್ಕ. ಅವಳ ಗಂಡ, ನಮ್ಮ ಭಾವ, ಟಾರ್ಪಾಲು ಹೊಲಿಯುವ ಸಾಧು ಮನುಷ್ಯ. "ಬಿಟ್ರೆ ಇವಳು ನನ್ನ ನೆರಳನ್ನೂ ತೊಳೆದು ಹಗ್ಗದ ಮೇಲೆ ಒಣಗಹಾಕ್ತಾಳೆ" ಎನ್ನುತ್ತಾನೆ. ಅವಳು ಕೇಳಿಸಿಕೊಂಡು, "ನೆರಳು ತೊಳೀಬೇಕಾದ್ರೆ ಮೊದ್ಲು ನೀವು ಆ ಕುರ್ಚಿಯಿಂದ ಏಳ್ಬೇಕಲ್ಲ" ಎನ್ನುತ್ತಾಳೆ.

ಅಣ್ಣ ತಂಗಿ ಇಬ್ಬರೂ ದುಡಿಯುವುದು ಒಂದೇ ಕಡೆ. ಸಮುದ್ರದ ದಂಡೆಯಲ್ಲಿರುವ ಮೀನು ಮರಿ ಮಾಡುವ ಹ್ಯಾಚರಿ. ಕಡಲ ಮೀನಿನ ಮೊಟ್ಟೆ ಒಡೆಸಿ, ಮರಿಗಳನ್ನು ಬೆರಳುದ್ದ ಬೆಳೆಸಿ ಸಾಕುವವರಿಗೆ ಕೊಡುವುದು ಅಲ್ಲಿನ ಕೆಲಸ. ಆಗ ತಾನೇ ಒಡೆದ ಮರಿಯನ್ನು ನೀವು ನೋಡಿರಲಿಕ್ಕಿಲ್ಲ. ಕತ್ತರಿಸಿ ಬಿದ್ದ ರೆಪ್ಪೆಗೂದಲಿನಷ್ಟು. ಮೈ ಗಾಜಿನಂತೆ, ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಅದು ಬಾಯಿ ಬಿಟ್ಟ ಮೇಲೆ ಅದಕ್ಕಿಂತ ಸಣ್ಣ ಪುಡಿ ಜೀವಿಗಳನ್ನು ಬೇರೆ ತೊಟ್ಟಿಯಲ್ಲಿ ಬೆಳೆಸಿ, ಜೀವಂತವಾಗಿಯೇ ತಿನ್ನಿಸಬೇಕು. ಆ ಹೊತ್ತೇ ಗಂಡಾಂತರದ ಹೊತ್ತು. ಕೆಟ್ಟ ಬ್ಯಾಕ್ಟೀರಿಯಾ ನೀರಿನಲ್ಲೋ ಊಟದಲ್ಲೋ ಸೇರಿಕೊಂಡರೆ ಇವತ್ತು ಮೋಡದಂತೆ ತೇಲುತ್ತಿದ್ದ ಮರಿಗಳು ನಾಳೆ ಟ್ಯಾಂಕಿನ ತಳದಲ್ಲಿ ಬಿಳಿ ಧೂಳು.

ಉಜ್ಜಕ್ಕನಿಗೆ ಮರಿ ಕೋಣೆಯ ಜವಾಬ್ದಾರಿ. ಅಲ್ಲಿ ಅವಳದೇ ರಾಜ್ಯ. ಬಾಗಿಲಲ್ಲಿ ಕಾಲು ಅದ್ದುವ ತಟ್ಟೆ, ಕೈಗೆ ಸೋಪು, ಒಂದು ಟ್ಯಾಂಕಿನ ಜಾಲಿಗೆ ಇನ್ನೊಂದು ಟ್ಯಾಂಕಿಗೆ ಪ್ರವೇಶವಿಲ್ಲ. ನಾನು ಏರ್ ಪೈಪು ಸರಿಮಾಡಲು ಹೋದರೂ ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ಕೈ ತೋರ್ಸಣ್ಣ. ಉಗುರೊಳಗೆ ಏನದು? ಹೊಲ ಉಳೋಕೆ ಹೋಗಿದ್ಯಾ? ಹೋಗು, ತೊಳ್ಕೊಂಡು ಬಾ."

ಮರಿ ಕೋಣೆಯ ಹಿಂದೆ ಇನ್ನೊಂದು ಕತ್ತಲ ಕೋಣೆ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನೀರಿನ ಮೇಸ್ತ್ರಿ. ಹೆಚ್ಚು ಮಾತಾಡದ ಮುದುಕ. ಕಡಲಿನಿಂದ ಎಳೆದ ನೀರನ್ನು ಸೋಸಿ, ಬ್ಲೀಚಿಂಗ್ ಪುಡಿ ಹಾಕಿ, ಅದರ ಘಾಟು ಪೂರ್ತಿ ಕಳೆದ ಮೇಲೆ ಆ ಕೋಣೆಯ ದೊಡ್ಡ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ತುಂಬ ಪ್ಲಾಸ್ಟಿಕ್ಕಿನ ಮಣಿಗಳು, ಅಂಗಿಯ ಗುಂಡಿಗಳಷ್ಟು ದೊಡ್ಡವು. ಗಾಳಿಯ ಗುಳ್ಳೆಗಳಲ್ಲಿ ಹಗಲೂ ರಾತ್ರಿ ಹೊರಳಾಡುತ್ತಿರುತ್ತವೆ. ನೀರು ಅಲ್ಲಿ ಸುತ್ತಾಡಿ ಆಮೇಲೆ ಮರಿಗಳ ಕಡೆಗೆ ಹೋಗುತ್ತದೆ. ಮೇಸ್ತ್ರಿ ಕಾಯಿಲೆ ಬಿದ್ದು, ಯಾರಿಗೂ ಏನೂ ಹೇಳಿಕೊಡದೆ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. ಆ ಕೋಣೆಯ ಕೀಲಿಯೂ ಉಜ್ಜಕ್ಕನ ಗೊಂಚಲಿಗೆ ಬಂತು.

ಅದಾದ ಮೇಲೆ ಬಂದ ಮೊದಲ ತಂಡದ ಮರಿಗಳು ಊಟ ಶುರುಮಾಡಿದ ಕೆಲವೇ ದಿನದಲ್ಲಿ ಹೊಟ್ಟೆ ಊದಿ, ಗಿರಗಿರ ಸುತ್ತಿ ಸತ್ತವು. ಆಗುತ್ತದೆ, ಎಂದುಕೊಂಡೆವು. ಎರಡನೆಯ ತಂಡವೂ ಹಾಗೇ ಹೋಯಿತು. ಮೂರನೆಯದು ಹೋದಾಗ ಹ್ಯಾಚರಿಯ ಯಜಮಾನರು ಊಟ ಬಿಟ್ಟರು. ಡಾಕ್ಟರಮ್ಮನಿಗೆ ಹೇಳಿಕಳಿಸಿದರು. ಅವರು ಮೀನಿನ ಡಾಕ್ಟರು, ನಾಲ್ಕಾರು ಹ್ಯಾಚರಿಗಳನ್ನು ಸುತ್ತುವವರು, ನನ್ನ ಮಗಳ ವಯಸ್ಸಿನ ಹೆಂಗಸು. ಸತ್ತ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಯಾಕ್ಟೀರಿಯಾ ಕಾಟವೇ ಎಂದರು. ಮೊಟ್ಟೆ ನೋಡಿದರು, ಊಟದ ತೊಟ್ಟಿ ನೋಡಿದರು, ಜಾಲಿ, ಪೈಪು, ಕೈಗವಸು ಎಲ್ಲ ನೋಡಿದರು. ದೋಷ ಸಿಗಲಿಲ್ಲ.

ಯಜಮಾನರ ಆಫೀಸಿನಲ್ಲಿ ಸೇರಿದೆವು. ಮೇಜಿನ ಮೇಲಿನ ಚಹಾ ಆರಿ ಕೆನೆ ಕಟ್ಟಿತ್ತು.

"ನೀರಿಗೇ ಔಷಧಿ ಸುರಿದುಬಿಡೋಣ ಡಾಕ್ಟ್ರೇ. ಒಂದು ಸಲ ಎಲ್ಲಾ ಸತ್ತು ಹೋಗ್ಲಿ," ಎಂದರು ಯಜಮಾನರು.

"ಬೇಡಿ ಸಾರ್. ಔಷಧಿಗೆ ಮೆತ್ತಗಿರೋವು ಸಾಯ್ತವೆ, ಗಟ್ಟಿ ಇರೋವು ಉಳ್ಕೊಳ್ತವೆ. ಮುಂದಿನ ಸಲ ಆ ಔಷಧೀನೂ ನಾಟಲ್ಲ. ಕಾಯಿಲೆ ಬರೋ ದಾರಿ ಹುಡುಕಿ ಮುಚ್ಚಬೇಕು, ಅಷ್ಟೇ."

"ಹಾಗಾದ್ರೆ ಎಲ್ಲಿಂದಲೋ ಕೊಳಕು ಬರ್ತಾ ಇದೆ." ಯಜಮಾನರು ಉಜ್ಜಕ್ಕನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. "ಈ ಹಂಗಾಮಿಗೆ ಇನ್ನೊಂದೇ ತಂಡ ಮೊಟ್ಟೆ ಸಿಗೋದು. ಅದೂ ಹೋದ್ರೆ ಮರಿ ಕೋಣೆ ಬೇರೆಯವರಿಗೆ ಕೊಡ್ಬೇಕಾಗುತ್ತೆ ಉಜ್ಜಕ್ಕ. ನೀವು ಅಂಗಳದಲ್ಲಿ ಬಲೆ ತೊಳ್ಕೊಂಡಿರಿ. ಬೇಜಾರು ಮಾಡ್ಕೋಬೇಡಿ."

ಕೊಳಕು! ನಾಲ್ಕು ತಲೆಮಾರಿನ ಮುಖಕ್ಕೆ ಹೊಡೆದಂತಾಯಿತು. ಉಜ್ಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಕೊಳಕಾ? ನನ್ನ ಕೋಣೇಲಾ? ಡಾಕ್ಟರಮ್ಮ, ನೀವೇ ಹೇಳಿ, ಯಾವುದು ತೊಳ್ದಿಲ್ಲ ನಾನು? ಟ್ಯಾಂಕು ತೊಳ್ದೆ. ಪೈಪಿನೊಳಗೆ ಬ್ರಷ್ ತೂರ್ಸಿ ತೊಳ್ದೆ. ಗುಳ್ಳೆ ಬಿಡೋ ಗಾಳಿಕಲ್ಲು ಕುದಿಸ್ದೆ. ಆ ಮೇಸ್ತ್ರಿ ಇದ್ರಲ್ಲ ಪುಣ್ಯಾತ್ಮ, ಅವರ ಹಿಂದಿನ ಕೋಣೆ ನೋಡ್ಬೇಕಿತ್ತು ನೀವು! ಮಣಿ ಮಣಿಗೂ ಕಂದು ಲೋಳೆ. ಮುಟ್ಟಿದ್ರೆ ಮೈ ಜುಮ್ಮನ್ನೋದು. ಎಷ್ಟು ವರ್ಷದಿಂದ ಬ್ರಷ್ ಕಾಣಿಸಿರ್ಲಿಲ್ವೋ. ಅದನ್ನೂ ಬಿಟ್ಟಿಲ್ಲ. ಬುಟ್ಟಿಗಟ್ಟಲೆ ತೆಗೆದು, ಬ್ಲೀಚಿಂಗ್ ನೀರಲ್ಲಿ ನೆನೆಹಾಕಿ, ಬಿಸಿನೀರಲ್ಲಿ ಜಾಲಾಡಿ, ಒಂದೊಂದು ಮಣಿ ಮುತ್ತಿನ ಹಾಗೆ ಮಾಡಿದ್ದೀನಿ. ಒಂದು ಸಲ ಅಲ್ಲ, ಪ್ರತಿ ತಂಡ ಹೋದ ಮೇಲೂ!"

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಂತಿತು. ಮುಖದ ಬಣ್ಣವೇ ಬೇರೆಯಾಯಿತು.

"ಮಣಿಗಳನ್ನ ತೊಳೆದ್ರಾ ಅಕ್ಕಾ?"

"ಫಳಫಳ ಅಂತಾವೆ. ಬನ್ನಿ, ತೋರಿಸ್ತೀನಿ."

ಎಲ್ಲರೂ ಹಿಂದಿನ ಕೋಣೆಗೆ ಹೋದೆವು. ದೀಪ ಹಾಕಿದರೆ, ನಿಜ, ಹೊಸ ಬಳೆ ಅಂಗಡಿಯಂತೆ ಹೊಳೆಯುತ್ತಿತ್ತು ತೊಟ್ಟಿ. ಡಾಕ್ಟರಮ್ಮ ಒಂದು ಮಣಿ ಎತ್ತಿ ಬೆರಳಲ್ಲಿ ತಿರುಗಿಸಿ ನೋಡಿ, ಪಕ್ಕದಲ್ಲಿದ್ದ ಬಕೀಟನ್ನು ಮಗುಚಿ ಹಾಕಿ ಅದರ ಮೇಲೆ ಕುಳಿತುಬಿಟ್ಟರು.

"ಅಕ್ಕ, ಆ ಲೋಳೇನೇ ನಮ್ಮ ಕಾವಲು," ಎಂದರು ಮೆಲ್ಲಗೆ. "ನಾನೂ ಈ ಬಾಗಿಲು ತೆಗೆದು ನೋಡಲಿಲ್ಲ. ಮೇಸ್ತ್ರಿ ಕಾಲದ ಹಾಗೇ ಇದೆ ಅಂದ್ಕೊಂಡಿದ್ದೆ."

ಆಮೇಲೆ ನಮಗೆ ಬಿಡಿಸಿ ಹೇಳಿದರು. ಖಾಲಿ ಬಸ್ಸು ಬಂದು ನಿಂತರೆ ಮೊದಲು ನುಗ್ಗಿ ಸೀಟು ಹಿಡಿಯುವವರು ಯಾರು? ಪುಂಡರು. ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಮಾಡುವವರು. ಬ್ಲೀಚಿಂಗ್ ಹಾಕಿ ಎಲ್ಲವನ್ನೂ ಕೊಂದ ನೀರು ಆ ಖಾಲಿ ಬಸ್ಸಿನಂತೆ. ಅದರಲ್ಲಿ ಬೇಗ ಬೇಗ ಬೆಳೆದು ಜಾಗ ಹಿಡಿಯುವುದು ಕಾಯಿಲೆ ತರುವ ಜಾತಿಯೇ. ನಿಧಾನವಾಗಿ ಬೆಳೆಯುವ, ಯಾರ ಗೊಡವೆಗೂ ಹೋಗದ ಬ್ಯಾಕ್ಟೀರಿಯಾಗಳು ಆ ಮಣಿಗಳ ಮೇಲೆ ಮನೆ ಮಾಡಿಕೊಂಡು, ನೀರಿನಲ್ಲೂ ಹರಡಿ, ಇರುವ ಸೀಟನ್ನೆಲ್ಲ ತುಂಬಿರಬೇಕು. ಆಗ ಪುಂಡರಿಗೆ ಕಾಲಿಡಲು ಜಾಗವಿಲ್ಲ. ಕಡಲ ನೀರನ್ನು ಶುದ್ಧ ಮಾಡಿ, ಆಮೇಲೆ ಈ ತೊಟ್ಟಿಯಲ್ಲಿ ಮಾಗಿಸಿ ಮರಿಗೆ ಕೊಡುವುದು ಅದಕ್ಕೇ.

"ಅಂದ್ರೆ ನಾನು ಪ್ರತಿ ಸಲ ಒಳ್ಳೆಯವರನ್ನ ಎಬ್ಬಿಸಿ ಪುಂಡರಿಗೆ ಸೀಟು ಕೊಟ್ಟೆ," ಎಂದಳು ಉಜ್ಜಕ್ಕ.

ಡಾಕ್ಟರಮ್ಮ ಕೈಯಲ್ಲಿದ್ದ ಮಣಿಯನ್ನು ತೊಟ್ಟಿಗೇ ಬಿಟ್ಟರು. ಗಾಳಿಯ ಗುಳ್ಳೆಗಳು ಬುಳಬುಳ ಎನ್ನುತ್ತಿದ್ದವು.

ಮರುದಿನ ಬೆಳಿಗ್ಗೆ ಭಾವ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ನಮ್ಮ ಮನೆಗೆ ಓಡಿಬಂದ. "ಭಾವ, ಬೇಗ ಬನ್ನಿ. ನಿನ್ನೆ ಊಟ ಮಾಡಿದ ತಟ್ಟೆ ಹಾಗೇ ಬಿದ್ದಿದೆ. ಒಲೆ ಒರೆಸಿಲ್ಲ. ಯಾವ ಡಾಕ್ಟ್ರನ್ನ ಕರೀಲಿ ಹೇಳಿ."

ಹೋಗಿ ನೋಡಿದರೆ ತಂಗಿ ಬಚ್ಚಲ ಕಟ್ಟೆಯ ಮೇಲೆ ಕುಳಿತಿದ್ದಾಳೆ, ಪಕ್ಕದಲ್ಲಿ ಒಣಗಿದ ಬ್ರಷ್ಷು.

"ಮುತ್ತಜ್ಜ ತೊಳೆದು ನೀರು ಕೊಟ್ಟ. ಅಜ್ಜಿ ತೊಳೆದು ಹಾಲು ಉಳಿಸಿದ್ಳು. ನಾನು ತೊಳೆದು ಮರಿ ಕೊಂದೆ. ಅಪ್ಪ ಇದ್ದಿದ್ರೆ ಮುಖ ಹೇಗೆ ತೋರಿಸ್ತಿದ್ದೆ ಅಣ್ಣ?"

ಸಮಾಧಾನದ ಮಾತು ನನ್ನ ಬಾಯಿಗೆ ಬರುವುದಿಲ್ಲ. ರಾಶಿ ಬಿದ್ದಿದ್ದ ತಟ್ಟೆಗಳನ್ನು ನಾನೇ ತೊಳೆಯಲು ಕುಳಿತೆ. ಎರಡು ತಟ್ಟೆ ಮುಗಿಸುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. "ಹಾಗಾ ತೊಳೆಯೋದು? ಅಂಚಲ್ಲಿ ಜಿಡ್ಡು ಹಾಗೇ ಇದೆ. ಕೊಡು ಈ ಕಡೆ!" ಎಂದು ಕಿತ್ತುಕೊಂಡಳು. ಭಾವ ಬಾಗಿಲ ಮರೆಯಲ್ಲಿ ನಿಂತು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ತೊಳೆದ ನೀರನ್ನು ಚೆಲ್ಲಲು ಹೊರಟವಳು ಹಾಗೇ ನಿಂತಳು. "ಅಣ್ಣ, ಮುತ್ತಜ್ಜ ಹಂಡೇಲಿ ಹಳೇ ನೀರು ಇಡ್ತಿದ್ದನಲ್ಲ. ಮೀನಿಗೆ ಅಂತ ಅಷ್ಟೇ ಅಂದ್ಕೊಂಡಿದ್ವಿ. ಮತ್ತೆ ಬಾವಿಗೆ ಯಾಕೆ ಸುರೀತಿದ್ದ? ಮೀನು ಮಾತ್ರ ಬಿಟ್ಟು ನೀರು ಚೆಲ್ಬಹುದಿತ್ತಲ್ಲ?"

ಬಾವಿಗೆ ಇಳಿಯುವ ಮುದುಕನಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಸುಳ್ಳು ನಮ್ಮ ಮನೆತನಕ್ಕೆ ಬೇಕಾಗಿಲ್ಲ. ಆದರೆ ಹೊಸ ನೀರು ಒಂಟಿಯಾಗಿರಬಾರದು ಎಂದು ಅವನ ಕೈಗೆ ಗೊತ್ತಿತ್ತು.

ಅಂದೇ ಅವಳು ಡಾಕ್ಟರಮ್ಮನನ್ನು ಹಿಡಿದಳು. "ಹಳೇ ನೀರು, ಹಳೇ ಲೋಳೆ, ಎಲ್ಲಾದ್ರೂ ಉಳಿದಿದ್ಯಾ ಅಮ್ಮಾ?"

"ನಾನೂ ನಿನ್ನೆಯಿಂದ ಅದನ್ನೇ ಯೋಚಿಸ್ತಿದ್ದೀನಿ. ತಾಯಿ ಮೀನಿನ ತೊಟ್ಟಿಗೆ ಒಂದು ಸಣ್ಣ ಫಿಲ್ಟರ್ ಇದೆಯಲ್ಲ, ಅದರೊಳಗೂ ಇಂಥವೇ ಮಣಿ. ಅದನ್ನೂ ತೊಳೆದಿದ್ದೀರಾ?"

"ಅದರ ಮುಚ್ಚಳ ಗಟ್ಟಿ. ನನ್ನ ಕೈಲಿ ತೆಗೆಯೋಕಾಗ್ಲಿಲ್ಲ."

"ಆ ಮುಚ್ಚಳಕ್ಕೆ ಒಂದು ನಮಸ್ಕಾರ," ಎಂದು ಡಾಕ್ಟರಮ್ಮ ಬಹಳ ದಿನದ ಮೇಲೆ ನಕ್ಕರು.

ತಾಯಿ ಮೀನುಗಳಿಗೆ ರೋಗವಿಲ್ಲವೆಂದು ಪರೀಕ್ಷೆ ಮಾಡಿ, ಆ ಫಿಲ್ಟರಿನ ಮಣಿಗಳ ನೀರನ್ನೂ ಪರೀಕ್ಷೆ ಮಾಡಿ, ಕಂದು ಲೋಳೆಯ ಒಂದು ಬುಟ್ಟಿ ಮಣಿಗಳನ್ನು ಹಿಂದಿನ ಕೋಣೆಯ ತೊಟ್ಟಿಗೆ ಬೆರೆಸಿದರು, ಮೊಸರಿಗೆ ಹೆಪ್ಪು ಹಾಕಿದಂತೆ. ಚಿಟಿಕೆ ಚಿಟಿಕೆ ಮೀನಿನ ಆಹಾರ ಹಾಕಿ ನೀರು ಸುತ್ತಾಡಿಸುವುದು, ಕಾಯುವುದು. ನನ್ನ ಪಂಪು ನಿಲ್ಲಬಾರದು. ಅವಳ ಕೈ ಚಲಿಸಬಾರದು.

ನನ್ನ ಪಂಪಿನದೇ ಸುಲಭದ ಪಾಲು. ಮೊದಲನೆಯ ವಾರದಲ್ಲೇ ಉಜ್ಜಕ್ಕ ಕೀಲಿಗೊಂಚಲಿನಿಂದ ಹಿಂದಿನ ಕೋಣೆಯ ಕೀಲಿ ಬಿಚ್ಚಿ ನನ್ನ ಅಂಗೈಗಿಟ್ಟಳು. "ನಿನ್ನ ಹತ್ರ ಇಟ್ಕೋ ಅಣ್ಣ. ತೊಟ್ಟಿಯ ಗೋಡೆ ಮೇಲೆ ಕಂದು ಕಲೆ ಶುರುವಾಗಿದೆ. ನನ್ನ ಕೈ ತುರಿಸ್ತಾ ಇದೆ. ನಾನು ಕೇಳಿದ್ರೂ ಕೊಡ್ಬೇಡ. ಅತ್ತರೂ ಕೊಡ್ಬೇಡ."

ಅವಳು ಅಳಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಆ ತುರಿಕೆಯನ್ನೆಲ್ಲ ನನ್ನ ಪಂಪ್ ಶೆಡ್ಡಿನ ಮೇಲೆ ತೀರಿಸಿದಳು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಸ್ಪ್ಯಾನರುಗಳೆಲ್ಲ ಸೋಪಿನಲ್ಲಿ ಮಿಂದು ಎಣ್ಣೆ ಕಳೆದುಕೊಂಡು ಬಿಸಿಲಲ್ಲಿ ಮಲಗಿದ್ದವು. ಕಡಲ ಗಾಳಿ. ವಾರದೊಳಗೆ ತುಕ್ಕು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಂದು ತೊಟ್ಟಿ ಉಳಿಯಬೇಕಾದರೆ ನಾಲ್ಕು ಸ್ಪ್ಯಾನರು ಹೋಗಲಿ.

ಹಾಗೆಂದು ತೊಳೆಯುವ ಕೆಲಸವೇನೂ ತಪ್ಪಲಿಲ್ಲ. "ಮಣಿ ಬಿಟ್ಟು ಉಳಿದದ್ದೆಲ್ಲ ನಿಮ್ಮದೇ ಅಕ್ಕ" ಎಂದಿದ್ದರು ಡಾಕ್ಟರಮ್ಮ. ಅದರಲ್ಲೂ ಒಂದು ಹೊಸ ಪಾಠ ಇತ್ತು. ಮರಿಗಳ ಊಟವಾದ ಆ ಪುಡಿ ಜೀವಿಗಳ ಮೈಗೆ ಅವು ಬೆಳೆದ ತೊಟ್ಟಿಯ ಕೊಳೆ ಅಂಟಿರುತ್ತದೆ. ಕಾಯಿಲೆ ಆ ದಾರಿಯಲ್ಲೂ ಬರುತ್ತದೆ. ಅವನ್ನು ಸಣ್ಣ ಬಟ್ಟೆಯ ಜಾಲಿಯಲ್ಲಿ ಹಿಡಿದು, ಶುದ್ಧ ಕಡಲ ನೀರಿನಲ್ಲಿ ಜಾಲಿಸಿಯೇ ಉಣಿಸಬೇಕು. ಆದರೆ ಉಜ್ಜುವಂತಿಲ್ಲ, ಜೋರಾಗಿ ನೀರು ಬಿಡುವಂತಿಲ್ಲ. ಜೀವ ಹೋದರೆ ಅದೇ ಕೊಳೆತು ಇನ್ನೊಂದು ರೋಗ. ಉಜ್ಜಕ್ಕ ಮೊದಮೊದಲು ಜಾಲಿ ಹಿಡಿದಾಗ ಅವಳ ಭುಜವೆಲ್ಲ ಬಿಗಿಯುತ್ತಿತ್ತು. ಆಮೇಲೆ ಒಂದು ದಿನ ಜಾಲಿಯ ಕೆಳಗೆ ಎಡಗೈ ಕೊಟ್ಟು, ಬಲ ಅಂಗೈಯಿಂದ ನೀರು ಜಾರಿಸುತ್ತಿದ್ದಳು, ಹಸುಗೂಸಿನ ನೆತ್ತಿಗೆ ನೀರು ಹಾಕುವಂತೆ. ಇವಳ ಕೈಗೆ ಇಷ್ಟು ಮೆತ್ತಗಿರುವುದೂ ಗೊತ್ತಿತ್ತಲ್ಲ ಎಂದು ನಾನು ಬಾಗಿಲಲ್ಲೇ ನಿಂತು ನೋಡಿದೆ. "ಏನು ನೋಡ್ತೀಯಾ? ಉಗುರು ತೊಳ್ದಿದ್ಯಾ?" ಎಂದಳು.

ಡಾಕ್ಟರಮ್ಮ ನೀರು ಮಾಗಿದೆ ಎಂದ ದಿನ ನಾನೇ ಕೋಣೆಯ ಬೀಗ ತೆಗೆದೆ. ಉಜ್ಜಕ್ಕ ಒಂದು ಮಣಿ ಮುಟ್ಟಿ, "ಜಾರುತ್ತೆ," ಎಂದಳು, ಮುಖ ಸಿಂಡರಿಸಿಕೊಂಡೇ. ಆ ವಾರವೇ ತಾಯಿ ಮೀನು ಮೊಟ್ಟೆ ಬಿಟ್ಟಿತು. ಮೊಟ್ಟೆಗಳ ಹೊರಮೈಯನ್ನು ಔಷಧಿ ನೀರಿನಲ್ಲಿ ತುಸು ಹೊತ್ತು ಅದ್ದಿ ತೊಳೆದು, ಮಾಗಿದ ನೀರಿಗೆ ಬಿಟ್ಟೆವು. ಮರಿ ಒಡೆದವು. ಬಾಯಿ ಬಿಟ್ಟವು. ಊಟ ಶುರುವಾಯಿತು.

ಆ ದಿನಗಳಲ್ಲಿ ಯಜಮಾನರು ಹ್ಯಾಚರಿಯ ಸುತ್ತ ಸುಮ್ಮನೆ ನಡೆಯುತ್ತಿದ್ದರು. ಉಜ್ಜಕ್ಕ ಟಾರ್ಚು ಹಿಡಿದು ಟ್ಯಾಂಕಿನ ಮೇಲೆ ಬಾಗಿದರೆ ಉಸಿರೇ ಇಲ್ಲವೇನೋ ಎನ್ನುವಂತಿರುತ್ತಿದ್ದಳು. ತಳದಲ್ಲಿ ಬಿದ್ದ ಸತ್ತ ಮರಿಗಳನ್ನು ಸಣ್ಣ ಪೈಪಿನಿಂದ ಹೀರಿ ತೆಗೆಯುವುದು ಅವಳ ಬೆಳಗಿನ ಕೆಲಸ. ಮೊದಲ ದಿನ ಸ್ವಲ್ಪ ಇದ್ದವು; ಯಾವ ತಂಡದಲ್ಲೂ ಇರುವಷ್ಟು. ಹಿಂದಿನ ತಂಡಗಳು ಕುಸಿದು ಬಿದ್ದ ಆ ದಿನವೂ ಬಂತು. ಪೈಪು ಇಳಿಸಿದಳು, ತಳವನ್ನೆಲ್ಲ ಸುತ್ತಿ ಬಂದಳು. ಬಕೀಟಿಗೆ ಬಿದ್ದದ್ದನ್ನು ಬೆಳಕಿಗೆ ಹಿಡಿದಳು. ನಾನು, ಯಜಮಾನರು, ಡಾಕ್ಟರಮ್ಮ ಮೂವರೂ ಬಾಗಿಲಲ್ಲಿ, ಕಾಲು ಅದ್ದುವ ತಟ್ಟೆಯೊಳಗೇ ನಿಂತಿದ್ದೆವು.

"ಏನು?" ಎಂದರು ಯಜಮಾನರು.

"ಬರೀ ಎಂಜಲು," ಎಂದಳು ಉಜ್ಜಕ್ಕ. "ಮರಿ ಇಲ್ಲ. ಚೆನ್ನಾಗಿ ಉಂಡಿದ್ದಾವೆ ನನ್ಮಕ್ಳು."

ಡಾಕ್ಟರಮ್ಮ ಒಂದು ಮರಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಅವಳನ್ನೂ ಕರೆದರು. ಊದಿಲ್ಲದ, ತುಂಬಿದ ಹೊಟ್ಟೆ. ಒಳಗೆ ಊಟ ಸರಿಯುತ್ತಿರುವುದು ಕಾಣುತ್ತಿತ್ತು. ಉಜ್ಜಕ್ಕ ನೋಡಿ ಹಿಂದೆ ಸರಿದು, ಅಂದು ಡಾಕ್ಟರಮ್ಮ ಕುಳಿತಂತೆ ಒಂದು ಖಾಲಿ ಬಕೀಟು ಮಗುಚಿ ಅದರ ಮೇಲೆ ಕುಳಿತು ನಗಲು ಶುರುಮಾಡಿದಳು. ನಗು ನಿಲ್ಲಿಸಲು ಆಗದೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಯಜಮಾನರು ಅಡುಗೆಯವನನ್ನು ಕೂಗಿ, "ಏನಿದೆಯೋ ಬಡಿಸು, ನನಗೆ ಹಸಿವು" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಪಂಪಿನ ಶಬ್ದ ಕೂಡ ಹಗುರವಾಗಿ ಕೇಳಿಸಿತು.

ಮರಿಗಳು ಗಾಜಿನ ಮೈ ಕಳೆದು ಮೀನಿನ ರೂಪಕ್ಕೆ ಬಂದವು. ಬೆಳ್ಳಿ ಬಣ್ಣ ಬಂತು. ಸಾಕುವವರ ಗಾಡಿ ಬಂದು ಒಯ್ದಿತು. ಅಂಗಳದ ಬಲೆಗಳ ಮಾತು ಮತ್ತೆ ಯಾರೂ ಎತ್ತಲಿಲ್ಲ. ಗಾಡಿ ಹೋದ ಮಧ್ಯಾಹ್ನ ಯಜಮಾನರು, "ಉಜ್ಜಕ್ಕ, ಇನ್ನು ಮುಂದೆ ಹಿಂದಿನ ಕೋಣೆ ನಿಮ್ಮ ಅಣ್ಣನೇ ನೋಡ್ಕೊಳ್ಲಿ. ನಿಮಗ್ಯಾಕೆ ಆ ಸಂಕಟ" ಎಂದರು. ನನಗೂ ಅದೇ ಸರಿಯೆನಿಸಿತು. ಸಂಜೆ ಖಾಲಿ ಟ್ಯಾಂಕು ಉಜ್ಜುತ್ತಿದ್ದವಳ ಹತ್ತಿರ ಹೋಗಿ, "ಕೀಲಿ ನನ್ನ ಹತ್ರಾನೇ ಇರ್ಲಿ ಕಣಮ್ಮ. ಬೇಕಾದ್ರೆ ಇನ್ನೂ ಗಟ್ಟಿ ಬೀಗ ಹಾಕ್ತೀನಿ. ನಿನಗೂ ನೆಮ್ಮದಿ," ಎಂದೆ.

ಅವಳು ಬ್ರಷ್ಷು ಕೆಳಗಿಟ್ಟು, ಕೈ ತೊಳೆದು, ಒರೆಸಿಕೊಂಡು, ಅಂಗೈ ಚಾಚಿದಳು.

"ಕೊಡು ಇಲ್ಲಿ. ಬೀಗ ನೋಡಿ ಸುಮ್ಮನಿರೋಕೆ ಕಳ್ಳನಿಗೂ ಬರುತ್ತೆ. ಬಾಗಿಲು ತೆಗೆದು, ಒಳಗೆ ಹೋಗಿ, ಆ ಲೋಳೇನ ಕಣ್ಣಾರೆ ನೋಡಿ, ಕೈ ಕಟ್ಟಿ ನಿಂತು ವಾಪಸ್ ಬರ್ತೀನಿ, ದಿನಾ. ಅದೂ ನನ್ನ ಕೆಲ್ಸಾನೇ. ಯಜಮಾನ್ರಿಗೂ ಹೇಳು, ಇದಕ್ಕೆ ನನಗೆ ಯಾರ ಸಹಾಯಾನೂ ಬೇಡ. ನಿಂದಂತೂ ಬೇಡವೇ ಬೇಡ. ನೀನು ಹೋಗಿ ನಿನ್ನ ಸ್ಪ್ಯಾನರಿಗೆ ಎಣ್ಣೆ ಹಚ್ಚು, ಹೋಗಣ್ಣ."